ರೈಲಿಲ್ಲದ ಘಟ್ಟದಲ್ಲಿ ರೈಲ್ವೆ ನೌಕರಿ

ನಾನು ಹೊಟ್ಟೆಪಾಡಿಗೆ ಓಡಿಸಿದ ರೈಲು ಎತ್ತರದಲ್ಲಿ ನನ್ನ ಕಾಲಿನ ಹರಡಿನ ಮಟ್ಟಕ್ಕೆ ಬರುತ್ತಿತ್ತು. ಇದನ್ನು ಶುರುವಿನಲ್ಲೇ ಹೇಳಿಬಿಡುವುದು ಕ್ಷೇಮ. ನನ್ನ ಸೋದರಮಾವ ಈರಯ್ಯ ಹೇಳಬೇಕಾದ ಕಡೆ ಇದನ್ನು ಹೇಳದೆ ನುಂಗಿಕೊಂಡದ್ದರಿಂದ ನನ್ನ ಮದುವೆಯೇ ಮುರಿದು ಬೀಳುವುದರಲ್ಲಿತ್ತು. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು.

ಈಚೆಗೆ ನಮ್ಮ ಕಡೆಯ ಕೆಲವು ತೋಟದ ಮನೆಗಳಿಗೆ ಸಣ್ಣ ರೈಲುಗಳು ಬಂದಿವೆ. ತಂದವರು ಜೀಪು ಮಾಡಿಕೊಂಡು ನನ್ನ ಬಾಗಿಲಿಗೆ ಬಂದು, "ಮಂಜಪ್ಪನೋರೇ, ಇದನ್ನ ಶುರು ಮಾಡದು ಹೆಂಗೆ?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ಈ ಕೆಲಸವನ್ನು ಸಂಬಳ ತೆಗೆದುಕೊಂಡು ಮಾಡಿದವನು ಚಿಕ್ಕಮಗಳೂರಿನಿಂದ ಕಳಸದವರೆಗೆ ಹುಡುಕಿದರೂ ನಾನೊಬ್ಬನೇ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಗಂಟಲು ಹೋಯಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಒಬ್ಬರು ಬಡ್ತಿಯ ವಿಷಯವನ್ನೂ ಬರೆಯಿರಿ ಎಂದರು. ಬಡ್ತಿ ಸಿಗಲಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕೊಟ್ಟಿಗೆಹಾರದ ರಸ್ತೆಯ ಮೇಲ್ಗಡೆಯ ಗುಡ್ಡದಲ್ಲಿ ಒಂದು ಇಂಗ್ಲಿಷರ ಎಸ್ಟೇಟು, ಅಲ್ಲಿ ನಾನು ಪಲ್ಪರ್ ಮನೆಯ ಫಿಟರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಕುಯಿಲಿನ ಕಾಲದಲ್ಲಿ ತಿರುಗಿದರೆ ತಿರುಗಿತು. ಉಳಿದ ತಿಂಗಳುಗಳಲ್ಲಿ ಅದಕ್ಕೆ ಗ್ರೀಸು ಬಳಿದು, ಗೋಣಿ ಹೊದಿಸಿ, ಪಕ್ಕದಲ್ಲಿ ನಾನೂ ಒಂದು ಗೋಣಿ ಹೊದ್ದು ಮಲಗುತ್ತಿದ್ದೆ. ಹೀಗೆ ಮಲಗಿದ್ದಾಗ ಒಂದು ದಿನ ದೊರೆಯ ಬೂಟು ನನ್ನ ಕಾಲಿಗೆ ತಾಗಿತು. ನನ್ನ ರೈಲ್ವೆ ನೌಕರಿ ಶುರುವಾದದ್ದು ಆಗಲೇ.

ನಮ್ಮ ದೊರೆ ಎತ್ತರದ ಆಳು, ಕೆಂಪು ಮೂಗು. ಸುತ್ತ ಕಣ್ಣು ಹಾಯಿಸಿದಷ್ಟೂ ಕಾಫಿ ಬೆಳೆದಿಟ್ಟುಕೊಂಡು ಬೆಳಿಗ್ಗೆ ಎದ್ದರೆ ಟೀ ಕುಡಿಯುತ್ತಿದ್ದ ಮನುಷ್ಯ. ಅವರಿಗೆ ಊರಿನಿಂದ ಒಂದು ಮರದ ಪೆಟ್ಟಿಗೆ ಬಂದಿತ್ತು. ಮಂಗಳೂರಿಗೆ ಹಡಗಿನಲ್ಲಿ, ಅಲ್ಲಿಂದ ಚಾರ್ಮಾಡಿ ಹತ್ತಿ ಲಾರಿಯಲ್ಲಿ. ಪಲ್ಪರಿನ ಹೊಸ ಬಿಡಿಭಾಗ ಇರಬೇಕೆಂದು ನಾನು ಭಕ್ತಿಯಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ಒಣಹುಲ್ಲಿನ ಮಧ್ಯೆ ಒಂದು ಹಸಿರು ತಗಡಿನ ಎಂಜಿನ್ನು ಮಲಗಿತ್ತು.

"ಮಂಜಪ್ಪ, ಇದು ರೈಲು. ನೀನು ನಿಜ ರೈಲು ನೋಡಿದ್ದೀಯಾ?" ಎಂದರು ದೊರೆ.

"ಇಲ್ಲ ದೊರೆ."

"ಒಳ್ಳೇದು. ನಿನಗೆ ಕೆಟ್ಟ ಅಭ್ಯಾಸ ಯಾವುದೂ ಇಲ್ಲ."

ನಾನೇನು, ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಯಾರೂ ರೈಲು ನೋಡಿರಲಿಲ್ಲ. ಕಡೂರಿಗೆ ಹೋಗಿ ಕಂಡು ಬಂದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರೇ. ಅವರನ್ನು ವಿಚಾರಿಸಿದರೆ, "ಹೊಗೆ ಬಿಡ್ತದೆ, ಕೂಗ್ತದೆ, ಹೋಗ್ತದೆ" ಎನ್ನುವುದಕ್ಕಿಂತ ಹೆಚ್ಚಿನ ವಿವರ ಸಿಗಲಿಲ್ಲ. ಇಷ್ಟು ತಿಳುವಳಿಕೆ ಇಟ್ಟುಕೊಂಡು ನಾನು ಬಂಗಲೆಯ ಜಗಲಿಯಲ್ಲಿ ರೈಲುದಾರಿ ಹಾಕಲು ಕೂತೆ.

ಈಗ ಶುರು ಮಾಡುವವರಿಗೆ ನನ್ನ ಮೊದಲ ಮಾತು ಇದು: ಪೆಟ್ಟಿಗೆ ಬಂದ ದಿನವೇ ಎಲ್ಲವನ್ನೂ ಬಿಚ್ಚಬೇಡಿ. ಒಂದು ಎಂಜಿನ್ನು, ಎರಡು ಡಬ್ಬಿ, ಒಂದು ಸುತ್ತು ದಾರಿಗೆ ಆಗುವಷ್ಟು ಕಂಬಿ ಹೊರಗೆ ತೆಗೆಯಿರಿ. ಉಳಿದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ನಮ್ಮ ದೊರೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸ್ಟೇಷನ್ನು, ಗೇಟು, ಲಾಂದ್ರ ಎಲ್ಲವನ್ನೂ ನೆಲದ ಮೇಲೆ ಹರಡಿ ಮಧ್ಯದಲ್ಲಿ ತಾವು ಕೂತರು. ಸಿಗ್ನಲ್ ಕಂಬವನ್ನು ಅವರ ನಾಯಿ ಕಚ್ಚಿಕೊಂಡು ಹೋಗಿ ಗುಲಾಬಿ ಗಿಡದ ಬುಡದಲ್ಲಿ ಹೂತಿತು. ಅಲ್ಲಿಂದ ಮುಂದೆ ನಮ್ಮ ರೈಲಿಗೆ ನಿಲ್ಲು ಎನ್ನುವವರೇ ಇರಲಿಲ್ಲ.

ಎರಡನೆಯದು ಗೇಜು, ಅಂದರೆ ಎರಡು ಕಂಬಿಗಳ ನಡುವಿನ ಅಗಲ. ನಮ್ಮದು ಒಂದೂಕಾಲು ಇಂಚಿನದು. ಈಗ ಅದಕ್ಕಿಂತ ಸಣ್ಣವೂ ಬಂದಿವೆ. ಯಾವುದನ್ನಾದರೂ ಹಿಡಿಯಿರಿ, ಹಿಡಿದ ಮೇಲೆ ಬಿಡಬೇಡಿ. ಕಳಸದ ಕಡೆಯ ಇನ್ನೊಬ್ಬ ದೊರೆ ಪ್ರೀತಿಯಿಂದ ಒಂದು ಡಬ್ಬಿ ಉಡುಗೊರೆ ಕೊಟ್ಟರು, ಬೇರೆ ಅಳತೆಯದು. ಒಂದು ಕಡೆಯ ಗಾಲಿ ಕಂಬಿಯ ಮೇಲೆ, ಇನ್ನೊಂದು ಕಡೆಯದು ಗಾಳಿಯಲ್ಲಿ. ಕೊನೆಗೆ ದೊರೆಸಾನಿ ಅದರಲ್ಲಿ ಸೂಜಿ ದಾರ ಇಟ್ಟುಕೊಂಡರು.

ಕೀಲಿಯ ವಿಷಯ. ನಮ್ಮದು ಗಡಿಯಾರದ ಹಾಗೆ ಸ್ಪ್ರಿಂಗು ತಿರುಗಿಸಿ ಬಿಡುವ ಎಂಜಿನ್ನು. ಕೀಲಿ ಇಲ್ಲದಿದ್ದರೆ ಅದು ಬರೀ ತಗಡು. ದೊರೆ ಕೀಲಿಯನ್ನು ಎಲ್ಲೆಂದರಲ್ಲಿ ಇಟ್ಟು ಮರೆತು ಬಟ್ಲರನ ಮೇಲೆ ಹಾರಾಡುತ್ತಿದ್ದುದರಿಂದ, ಅದು ನನ್ನ ಸುಪರ್ದಿಗೆ ಬಂತು. ನಾನು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಗಂಡಸಿನ ಮೈಮೇಲೆ ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಆದರೆ ದೊರೆಸಾನಿಯವರ ಟೀ ಪಾರ್ಟಿಯ ಮಧ್ಯದಲ್ಲಿ ರೈಲು ನಿಂತುಬಿಟ್ಟರೆ ನಾನು ಕಂಬದ ಮರೆಗೆ ಓಡಿ ಪಂಚೆ ಸಡಿಲಿಸಬೇಕಾಗುತ್ತಿತ್ತು. ಬಿಳಿ ಹೆಂಗಸರು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದರು. ನೀವು ಕೀಲಿಗೆ ಉದ್ದದ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿಯಿರಿ.

ಈ ಪಂಚೆಯ ಸುದ್ದಿ ಬಂಗಲೆಯಿಂದ ಲೈನಿಗೆ, ಲೈನಿನಿಂದ ಸಂತೆಗೆ ಹೋಯಿತು. ನನ್ನ ಹೆಸರು ರೈಲು ಮಂಜಪ್ಪ ಎಂದಾಯಿತು. ಅದನ್ನು ನಾನು ನಕ್ಕು ಸಹಿಸಿಕೊಳ್ಳುತ್ತಿದ್ದೆ, ಆದರೆ ಅವ್ವ ಆ ಹೊತ್ತಿನಲ್ಲೇ ನನಗೆ ಹೆಣ್ಣು ಹುಡುಕಲು ಹೊರಟಿದ್ದಳು. ಜಾವಳಿಯಲ್ಲಿ ಒಂದು ಸಂಬಂಧ ಮಾತಿನವರೆಗೂ ಬಂದಿತ್ತು. ಹುಡುಗಿಯ ಅಜ್ಜಿ ನನ್ನ ಅವ್ವನ ಎದುರೇ, "ದೊರೆ ಜೊತೆ ನೆಲದ ಮೇಲೆ ಕೂತು ಆಟ ಆಡೋ ಗಂಡಿಗೆ ಹೆಣ್ಣು ಕೊಡದಾ? ನಾಳೆ ಇವ್ಳಿಗೆ ಮಗು ಆದ್ರೆ ತೊಟ್ಲಲ್ಲಿ ಯಾರು ಮಲಗದು, ಮಗುವೋ ಗಂಡನೋ?" ಎಂದು ಕೇಳಿದಳಂತೆ. ಇನ್ನೆರಡು ಮನೆಯವರೂ ಹೀಗೇ ಮೂಗು ಮುರಿದರು. ಅವ್ವ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ನನ್ನ ಜೊತೆಯವರಿಗೆಲ್ಲ ಮದುವೆಯಾಗಿ ಮಕ್ಕಳಾಗಿದ್ದವು. ಆ ಹಸಿರು ಎಂಜಿನ್ನನ್ನು ಎತ್ತಿ ಪಲ್ಪರಿನ ಬಾಯಿಗೆ ಹಾಕಿಬಿಡೋಣ ಅನ್ನಿಸುತ್ತಿತ್ತು.

ಹಾಕಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೂ ಅದರ ಹುಚ್ಚು ಹತ್ತಿತ್ತು.

ಒಮ್ಮೆ ದೊರೆ ಶಿಕಾರಿಗೆ ಹೊರಡುತ್ತಾ, "ಮಂಜಪ್ಪ, ನಾನು ವಾಪಸ್ ಬರುವಾಗ ಇಲ್ಲಿ ಬೆಟ್ಟ ಬೇಕು. ರೈಲು ಬೆಟ್ಟ ಹತ್ತಬೇಕು" ಎಂದು ಹುಕುಂ ಮಾಡಿ ಹೋದರು. ಬೆಟ್ಟ ಹತ್ತುವ ದಾರಿ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಚಾರ್ಮಾಡಿ ಘಾಟಿ. ಹಲಗೆ ನಿಲ್ಲಿಸಿ, ಗೋಣಿ ಹೊದಿಸಿ, ಕೆಮ್ಮಣ್ಣು ಮೆತ್ತಿ, ಸೆಗಣಿ ಸಾರಿಸಿ ಚಾರ್ಮಾಡಿಯನ್ನೇ ಎಬ್ಬಿಸಿದೆ. ಕಂಬಿಗಳನ್ನು ಪಲ್ಪರ್ ಮನೆಯ ಪೈಪಿಗೆ ಒತ್ತಿ ಬಗ್ಗಿಸಿ, ಘಾಟಿಯಲ್ಲಿ ಇರುವಂಥ ತಿರುವುಗಳನ್ನೇ ಮಾಡಿದೆ. ಬಸ್ಸು ಅಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ, ಹಿಂದೆ ಬಂದು ಮುಂದೆ ಹೋಗಿ ಹೇಗೋ ತಿರುಗಿಕೊಳ್ಳುತ್ತದೆ. ರೈಲೂ ಹಾಗೇ ಮಾಡಿಕೊಳ್ಳುತ್ತದೆ ಎಂದು ನಂಬಿದ್ದೆ. ಪ್ರಪಾತದ ಕಡೆಗೆ ಸಣ್ಣ ಸಣ್ಣ ಕಲ್ಲನ್ನೂ ನೆಟ್ಟು ಸುಣ್ಣ ಬಳಿದಿದ್ದೆ.

ದೊರೆ ಬಂದರು. ಬೆಟ್ಟ ನೋಡಿ ಅವರ ಕಣ್ಣಿನಲ್ಲಿ ನೀರೇ ಬಂತು, ಖುಷಿಗೋ ಸೆಗಣಿಯ ವಾಸನೆಗೋ ತಿಳಿಯದು. ಪೂರ್ತಿ ಕೀಲಿ ಕೊಟ್ಟು ಬಿಟ್ಟೆ. ಎಂಜಿನ್ನು ಮೊದಲನೇ ತಿರುವಿಗೆ ಬಂತು, ಸುಣ್ಣದ ಕಲ್ಲುಗಳನ್ನು ಸಾಲಾಗಿ ಕೆಡವಿತು, ಡಬ್ಬಿಗಳನ್ನು ಎಳೆದುಕೊಂಡು ನೇರ ಕೆಳಗೆ ಹಾರಿತು.

"ಮಂಜಪ್ಪ, ರೈಲು ಬಸ್ ಅಲ್ಲ!"

"ಹೌದು ದೊರೆ. ಬಸ್ ಆಗಿದ್ರೆ ಜನ ಇಳ್ದು ತಳ್ತಿದ್ರು."

ಆ ವಾರ ನನ್ನನ್ನು ಬಂಗಲೆಯ ಮೆಟ್ಟಿಲು ಹತ್ತಲು ಬಿಡಲಿಲ್ಲ. ಆದ್ದರಿಂದ ಹೇಳುತ್ತೇನೆ: ಮೊದಲು ಸಮತಟ್ಟಾದ ಹಲಗೆ ಮಾಡಿಸಿ. ಅದರ ಮೇಲೆ ಒಂದೇ ಒಂದು ಸುತ್ತು ದಾರಿ, ಮನೆಯಲ್ಲಿ ಎಷ್ಟು ಜಾಗ ಸಿಗುತ್ತದೋ ಅಷ್ಟೂ ಅಗಲದ ತಿರುವು. ಬೆಟ್ಟ, ಸೇತುವೆ, ಸುರಂಗದ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಇಷ್ಟು ಕಲಿತ ಮೇಲೂ ನಮ್ಮ ಜಗಲಿಯ ಮೂಲೆಯಲ್ಲಿ ಒಂದು ತಿರುವು ಉಳಿದುಕೊಂಡಿತ್ತು. ಅಲ್ಲಿ ರೈಲು ಮನಸ್ಸು ಬಂದರೆ ತಿರುಗುತ್ತಿತ್ತು, ಇಲ್ಲದಿದ್ದರೆ ಬೀಳುತ್ತಿತ್ತು.

ಎಣ್ಣೆಯ ವಿಷಯದಲ್ಲಿ ನಾನು ತಿಂದ ಬೈಗುಳ ಇನ್ನೊಂದು ಮೂಟೆ. ಎಂಜಿನ್ನಿನ ಜೊತೆ ಬಂದ ಎಣ್ಣೆ ಖಾಲಿಯಾದಾಗ ಕೊಬ್ಬರಿ ಎಣ್ಣೆ ಬಿಟ್ಟೆ. ತಲೆಗೂ ಅದೇ, ದೋಸೆಗೂ ಅದೇ, ಗಾಲಿಗೆ ಆಗುವುದಿಲ್ಲವೇ? ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಚಳಿಗಾಲದ ಒಂದು ಬೆಳಿಗ್ಗೆ ಅಷ್ಟೂ ಎಣ್ಣೆ ಒಳಗೇ ಬೆಳ್ಳಗೆ ಹೆಪ್ಪುಗಟ್ಟಿ ಎಂಜಿನ್ನು ಕಲ್ಲಾಯಿತು. ದೊರೆಯ ಅತಿಥಿಗಳು ಕಾಯುತ್ತಿದ್ದರೆ ನಾನು ಅಡುಗೆಮನೆಯಲ್ಲಿ ಬಾಣಂತಿಯ ಕೂಸನ್ನು ಕಾಸುವ ಹಾಗೆ ಅದನ್ನು ಕೆಂಡಕ್ಕೆ ಹಿಡಿದು ಕೂತಿದ್ದೆ. ಕೊನೆಗೆ ಉಪಾಯ ಸಿಕ್ಕಿದ್ದು ಕೊಟ್ಟಿಗೆಹಾರದ ದರ್ಜಿಯ ಹತ್ತಿರ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ, ಅದೂ ಕಡ್ಡಿಯ ತುದಿಯಲ್ಲಿ ಒಂದು ಹನಿ. ಸುರಿದರೆ ಕಂಬಿಗೆ ಇಳಿದು ಗಾಲಿ ನಿಂತಲ್ಲೇ ಜಾರುತ್ತದೆ. ಮಳೆಗಾಲದಲ್ಲಿ ಕಂಬಿಗೆ ತುಕ್ಕು ಬರುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ನಮ್ಮಲ್ಲಿ ಮಳೆಗಾಲ ಬೇಗ ಮುಗಿಯುವಂಥದ್ದಲ್ಲ, ಕೈ ನೋಯುತ್ತದೆ, ಆದರೂ ಒರೆಸಿ.

ಸ್ಪಿರಿಟ್ಟಿನ ದೀಪ ಉರಿಸಿ ನಿಜವಾಗಿ ಹಬೆಯಲ್ಲಿ ಓಡುವ ಎಂಜಿನ್ನನ್ನೂ ದೊರೆ ತರಿಸಿದರು. ಕಂಬಿಯ ಅಕ್ಕಪಕ್ಕ ಜಲ್ಲಿ ಹಾಕಬೇಕು, ನೋಡಲು ನಿಜದಂತೆ ಇರಬೇಕು ಎಂಬುದು ಅವರ ಆಸೆ. ಜಲ್ಲಿ ಎಲ್ಲಿಂದ ತರಲಿ? ಗರಗಸದ ಮನೆಯಿಂದ ಮರದ ಹುಡಿ ತಂದು, ಕಾಫಿ ಗಸಿಯಲ್ಲಿ ನೆನೆಸಿ ಒಣಗಿಸಿ, ಉದ್ದಕ್ಕೂ ಹರಡಿದೆ. ಬಣ್ಣ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ದೊರೆ ನನ್ನ ಬೆನ್ನು ತಟ್ಟಿದರು. ಆ ಎಂಜಿನ್ನು ಅದೇ ಮೂಲೆಯಲ್ಲಿ ಮಗುಚಿ, ಸ್ಪಿರಿಟ್ಟು ಚೆಲ್ಲಿ, ಒಂದು ಕಡೆಯಿಂದ ಹುಡಿ ಹತ್ತಿಕೊಂಡು ಉರಿಯತೊಡಗಿತು. ದೊರೆ ಗಾಬರಿಯಲ್ಲಿ ಕೈಯಲ್ಲಿದ್ದ ವಿಸ್ಕಿ ಗ್ಲಾಸನ್ನೇ ಅದರ ಮೇಲೆ ಸುರಿದರು. ಸೋಡಾ ಹೆಚ್ಚು ಬೆರೆಸಿದ್ದರಿಂದ ನಾವು ಬದುಕಿದೆವು. ದೊರೆಸಾನಿ ಬಂದು ಸುಟ್ಟ ಜಗಲಿ ನೋಡಿ ಗಂಡನಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ನನಗೆ ಇಂಗ್ಲಿಷು ಬರದಿದ್ದರೂ ಪೂರ್ತಿ ಅರ್ಥವಾಯಿತು. ಹಬೆಯ ಎಂಜಿನ್ನು ಮರುದಿನ ಪೆಟ್ಟಿಗೆ ಸೇರಿತು.

ವಿದ್ಯುತ್ತಿನ ಎಂಜಿನ್ನು ಬಂದದ್ದು ಇನ್ನೂ ಆಮೇಲೆ. ಅದಕ್ಕೆ ಮಧ್ಯದಲ್ಲೊಂದು ಮೂರನೇ ಕಂಬಿ, ಕರೆಂಟು ಕೊಡಲು ಬ್ಯಾಟರಿ. ಬ್ಯಾಟರಿ ಇದ್ದದ್ದು ದೊರೆಯ ಕಾರಿನಲ್ಲಿ. ಹಗಲೆಲ್ಲ ರೈಲು ಓಡಿಸಿ ಸಂಜೆ ಅದನ್ನೇ ಕಾರಿಗೆ ಹಾಕಿದರೆ ಕಾರು ಕೆಮ್ಮುತ್ತಿತ್ತೇ ಹೊರತು ಹೊರಡುತ್ತಿರಲಿಲ್ಲ. ಗಂಡ ಹೆಂಡತಿ ಕ್ಲಬ್ಬಿನ ಉಡುಪು ತೊಟ್ಟು ಒಳಗೆ ಗಂಭೀರವಾಗಿ ಕೂತಿರುತ್ತಿದ್ದರು, ಹಿಂದಿನಿಂದ ನಾವು ತಳ್ಳುತ್ತಿದ್ದೆವು. ನೀವು ರೈಲಿಗೆಂದೇ ಬೇರೆ ಬ್ಯಾಟರಿ ಇಟ್ಟುಕೊಳ್ಳಿ, ಮನೆಯಲ್ಲಿ ಶಾಂತಿ ಇರುತ್ತದೆ.

ಈಗ ಮದುವೆಯ ವಿಷಯ. ಇದು ನಡೆದದ್ದು ಬ್ಯಾಟರಿ ಬರುವ ಮುಂಚೆ, ಕೀಲಿ ಇನ್ನೂ ನನ್ನ ಸೊಂಟದಲ್ಲಿದ್ದ ಕಾಲದಲ್ಲಿ. ಈರಯ್ಯಮಾವ ಮೆಣಸಿನ ವ್ಯಾಪಾರಕ್ಕೆ ಕಡೂರಿನ ಕಡೆ ಓಡಾಡುತ್ತಿದ್ದವನು. ಒಂದು ದಿನ ಬಂದು, "ಅಕ್ಕಾ, ಹೆಣ್ಣು ಸಿಕ್ತು" ಎಂದ. ಹುಡುಗಿಯ ಹೆಸರು ಗಂಗಮ್ಮ, ತಾಯಿ ಇಲ್ಲ. ತಂದೆ ನಿಂಗಪ್ಪ ಕಡೂರಿನ ಹತ್ತಿರ ರೈಲ್ವೆಯಲ್ಲಿ ಗ್ಯಾಂಗ್ ಮೇಸ್ತ್ರಿ, ಅಂದರೆ ಆಳುಗಳನ್ನು ಕಟ್ಟಿಕೊಂಡು ರೈಲಿನ ಕಂಬಿ ಸರಿಯಾಗಿ ಇಡುವವರು. ಅಪ್ಪ ಮಗಳು ಧರ್ಮಸ್ಥಳಕ್ಕೆ ಹೊರಟಿದ್ದಾರೆ, ನಾಳೆ ಬೆಳಗಿನ ಬಸ್ಸಿಗೆ ಇಲ್ಲಿ ಇಳಿದು, ಗಂಡನ್ನೂ ಮನೆಯನ್ನೂ ನೋಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಘಾಟಿ ಇಳಿಯುತ್ತಾರೆ ಎಂದ. ಅವ್ವ ದೇವರಿಗೆ ಕೈ ಮುಗಿದಳು. ಮಾವ ನನ್ನನ್ನು ಹೊರಗೆ ಕರೆದು ಮೆಲ್ಲಗೆ, "ಬೆಳಿಗ್ಗೆ ರೈಲು ಒರೆಸಿ ಇಡು ಮಾರಾಯ" ಎಂದ.

ನಾನು ಅವನ ಕೊಡೆ ಹಿಡಿದು ನಿಲ್ಲಿಸಿದೆ. "ಮಾವ, ಅವರಿಗೆ ಎಂತ ಹೇಳಿದ್ದೀರಿ?"

"ಸುಳ್ಳು ಒಂದೂ ಹೇಳ್ಲಿಲ್ಲ. ಎಸ್ಟೇಟಿನೋರದೇ ಸ್ವಂತ ರೈಲು ಲೈನು ಉಂಟು ಅಂದೆ. ನಮ್ ಹುಡುಗನೇ ಡ್ರೈವರ್ ಅಂದೆ. ಬಂಗ್ಲೆ ಎದುರಿಂದ್ಲೇ ಹೊರಡ್ತದೆ ಅಂದೆ."

"ಅಳತೆ?"

"ಅವ್ರು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಮೇಸ್ತ್ರಿಗಳು ನಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಕಾಡಿನಿಂದ ಮರ ಸಾಗಿಸಲು ಹಾಕಿದ ಸಣ್ಣ ಟ್ರಾಮುಗಳು ಆ ಸೀಮೆಯಲ್ಲಿ ಇದ್ದವು, ಕಾಫಿ ಸಾಗಿಸಲು ದೊರೆಗಳು ಅಂಥದ್ದೇ ಹಾಕಿಕೊಂಡಿರಬೇಕು ಎಂದುಕೊಂಡಿದ್ದರು. ಆ ಇಡೀ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇದೂ ತಪ್ಪಿದರೆ ನನಗೆ ಮದುವೆಯೇ ಇಲ್ಲ ಎಂಬುದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಬೆಳಿಗ್ಗೆ ದೊರೆಗೆ ವಿಷಯ ತಿಳಿಸಿದೆ. ಮದುವೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ, ನಿಜ ರೈಲ್ವೆಯ ಮನುಷ್ಯ ತಮ್ಮ ರೈಲು ನೋಡಲು ಬರುತ್ತಾನೆ ಎಂಬುದಷ್ಟೇ ಬಿತ್ತು. ಕೋಟು ತೊಟ್ಟು ಜಗಲಿಯಲ್ಲಿ ಶತಪಥ ಹಾಕತೊಡಗಿದರು.

ನಿಂಗಪ್ಪ ಮೇಸ್ತ್ರಿಗಳು ಬಂದರು. ಕಾಕಿ ಕೋಟು, ಕೆಂಪು ರುಮಾಲು, ಬಿಳಿ ಮೀಸೆ. ಹೆಣ್ಣು ಗಂಡಿನ ಕಡೆಗೆ ಬರುವ ಪದ್ಧತಿ ಇಲ್ಲ, ಆದರೆ ಗೊತ್ತಿಲ್ಲದ ಊರಿನ ಹೋಟೆಲಿನಲ್ಲಿ ಮಗಳನ್ನು ಕೂರಿಸಿ ಬರುವುದು ಹೇಗೆಂದು ಗಂಗಮ್ಮನೂ ಜೊತೆಗೆ ಬಂದಿದ್ದಳು. ಅವಳು ಕಂಬದ ಪಕ್ಕದಲ್ಲಿ ಬುತ್ತಿಗಂಟು ಹಿಡಿದು ನಿಂತಳು. ನಾನು ತಲೆ ಎತ್ತಲಿಲ್ಲ.

ಮೇಸ್ತ್ರಿಗಳು ಹಲಗೆಯ ಮೇಲಿನ ದಾರಿ ನೋಡಿದರು. ಹೊರಗೆ ಅಂಗಳ ನೋಡಿದರು. ಪುನಃ ಹಲಗೆ ನೋಡಿದರು.

"ಲೈನು ಎಲ್ಲೈತೆ?"

ಈರಯ್ಯಮಾವ ತನ್ನ ಕೊಡೆಯ ಕಡ್ಡಿ ಎಣಿಸುತ್ತಿದ್ದ.

"ಇದೇನಾ?" ಅವರು ಮಾವನ ಕಡೆ ತಿರುಗಿದರು. "ಈರಯ್ಯನೋರೇ, ಇದೇನಾ ನೀವು ಹೇಳಿದ್ದು? ನಡಿಯವ್ವ ಗಂಗೂ, ಹೋಗಾನ."

ದೊರೆಗೆ ಇದಾವುದೂ ತಲೆಗೆ ಹೋಗಲಿಲ್ಲ. "ಮಂಜಪ್ಪ, ಓಡಿಸು!" ಎಂದು ಕೂಗಿದರು. ನಾನು ಅಭ್ಯಾಸಬಲದಿಂದ ಕಂಬದ ಮರೆಗೆ ಹೊರಟೆ, ಅಲ್ಲಿ ಗಂಗಮ್ಮ ನಿಂತಿದ್ದಳು. ಇನ್ನೊಂದು ಕಂಬಕ್ಕೆ ಓಡಿದೆ. ಕೀಲಿ ಕೊಟ್ಟು ಬಿಟ್ಟೆ. ರೈಲು ಎರಡು ಸುತ್ತು ಬಂತು, ಮೂರನೆಯದರಲ್ಲಿ ಮೂಲೆಗೆ ಹೋಗಿ ಧಡಾರನೆ ಹೊರಕ್ಕೆ ಬಿತ್ತು.

ಮೆಟ್ಟಿಲು ಇಳಿಯುತ್ತಿದ್ದ ಮೇಸ್ತ್ರಿಗಳು ನಿಂತರು. ಜೀವಮಾನವೆಲ್ಲ ರೈಲು ಬೀಳದಂತೆ ನೋಡಿಕೊಂಡ ಮನುಷ್ಯ. ಆ ಸದ್ದು ಕೇಳಿ ಹೇಗೆ ಹೋಗುತ್ತಾರೆ? ತಿರುಗಿ ಬಂದು, ಚಪ್ಪಲಿ ಬಿಟ್ಟು, ಮಂಡಿಯೂರಿ, ಕೆನ್ನೆಯನ್ನು ಹಲಗೆಗೆ ಒತ್ತಿ ಕಂಬಿಯ ಉದ್ದಕ್ಕೂ ಒಂದು ಕಣ್ಣಿನಲ್ಲಿ ನೋಡಿದರು.

"ಯಾವನ್ಲಾ ಹಾಕಿದ್ದು ಇದ್ನ? ತಿರುವಲ್ಲಿ ಹೊರಗಿನ ಕಂಬಿ ಎತ್ತರ ಇರಬ್ಯಾಡ್ವಾ?"

"ನಾನೇ ಮೇಸ್ತ್ರಿಗಳೇ."

"ಬೆಂಕಿಪೊಟ್ಟಣ ತತ್ತಾ."

ಪೊಟ್ಟಣ ಸೀಳಿ, ಸೀಳಿದ್ದನ್ನು ಹೊರಗಿನ ಕಂಬಿಯ ಕೆಳಗೆ ತುರುಕಿ ಎತ್ತರಿಸಿದರು. ರೈಲು ಬಿಟ್ಟೆ. ಈ ಸಲ ಅದು ಒಳಕ್ಕೆ ಬಿತ್ತು. ಒಂದು ಸೀಳು ತೆಗೆದರು, ಹೊರಕ್ಕೆ ಬಿತ್ತು. ಅರ್ಧ ಸೀಳು ಸೇರಿಸಿದರು, ಎಂಜಿನ್ನು ಹೋಯಿತು, ಡಬ್ಬಿಗಳು ಬಿದ್ದವು. ದೊರೆ ಕೋಟು ಬಿಚ್ಚಿ ಎಸೆದು ಈ ಕಡೆ ಮಂಡಿಯೂರಿದರು, ನಾನು ಆ ಕಡೆ. ಮೂವರೂ ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಒಬ್ಬರಿಗೊಬ್ಬರು ಬೈಯುತ್ತಾ ಎಷ್ಟು ಹೊತ್ತು ಇದ್ದೆವೋ ದೇವರಿಗೇ ಗೊತ್ತು. "ಕೈ ತೆಗಿಯಯ್ಯ ಅತ್ಲಾಗೆ" ಎಂದು ಮೇಸ್ತ್ರಿಗಳು ದೊರೆಗೇ ಗದರಿಸಿದರು. ದೊರೆ ತೆಗೆದರು. ರೈಲು ಬೀಳುತ್ತಿದ್ದದ್ದು ತೂಕದ ಲೋಪದಿಂದ ಎಂದು ನನಗೆ ಹೊಳೆದದ್ದು ಬಹಳ ದಿನದ ಮೇಲೆ. ತಗಡಿನ ಡಬ್ಬಿಗಳಿಗೆ ಭಾರವೇ ಇಲ್ಲ, ನಿಜ ರೈಲಿನ ಲೆಕ್ಕ ಅವಕ್ಕೆ ಹೇಗೆ ಹತ್ತುತ್ತದೆ? ನೀವು ಡಬ್ಬಿಯ ತಳಕ್ಕೆ ಕೋವಿಗೆ ತುಂಬುವ ಸೀಸದ ಚರೆ ಸ್ವಲ್ಪ ಅಂಟಿಸಿ, ಕೀಲಿ ಅರ್ಧವೇ ಕೊಡಿ.

ಗುಡ್ಡದ ಕೆಳಗಿನ ರಸ್ತೆಯಿಂದ ಬಸ್ಸಿನ ಹಾರ್ನು ಕೇಳಿತು. ಮೇಸ್ತ್ರಿಗಳು ಎದ್ದು ಮಂಡಿಯ ಧೂಳು ಕೊಡವಿಕೊಂಡರು. ಮುಖ ಮತ್ತೆ ಬಿಗಿಯಿತು.

"ಈರಯ್ಯನೋರೇ, ಹುಡುಗ ಒಳ್ಳೇನು. ಆದ್ರೆ ಸಂಬಂಧ ಆಗಕ್ಕಿಲ್ಲ. ನಾನು ರೈಲ್ವೇಲಿ ಮೈ ಸವೆಸ್ದೋನು. ಮಗಳನ್ನ ಆಟದ ಸಾಮಾನು ಆಡ್ಸೋನಿಗೆ ಕೊಟ್ಟೆ ಅಂತ ಗ್ಯಾಂಗಿನೋರ ಮುಂದೆ ಹೆಂಗೆ ಹೇಳ್ಲಿ?"

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವ್ವನಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆಗ ಕಂಬದ ಕಡೆಯಿಂದ ಮಾತು ಬಂತು.

"ಅಪ್ಪಾ, ಅಣ್ಣನ ಮ್ಯಾಲೆ ಹೋಗಿದ್ದು ಆಟದ ರೈಲಲ್ಲ."

ಗಂಗಮ್ಮ ಜೋರಾಗಿ ಹೇಳಲಿಲ್ಲ. ಮೇಸ್ತ್ರಿಗಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವಳೇ ಹೇಳಿದಳು. ಅವಳ ಅಣ್ಣ ಅಪ್ಪನ ಗ್ಯಾಂಗಿನಲ್ಲೇ ಕೆಲಸಕ್ಕೆ ಸೇರಿದ್ದನಂತೆ. ಒಂದು ಮಂಜಿನ ಬೆಳಿಗ್ಗೆ ಕಂಬಿಯ ಕೆಳಗೆ ಜಲ್ಲಿ ಬಡಿಯುತ್ತಿದ್ದಾಗ ಹಿಂದಿನಿಂದ ಬಂದ ಗಾಡಿ ಅವನಿಗೆ ಕೇಳಿಸಲಿಲ್ಲ. ಊಟಕ್ಕೆ ಬರುತ್ತಾನೆ ಎಂದು ಇವಳು ರೊಟ್ಟಿ ತಟ್ಟಿಟ್ಟಿದ್ದಳಂತೆ. ಅಂದಿನಿಂದ ಅಪ್ಪ ಕೆಲಸಕ್ಕೆ ಹೋದ ದಿನವೆಲ್ಲ ಅವರು ತಿರುಗಿ ಬರುವವರೆಗೆ ತನ್ನ ಕೈಕಾಲು ಆಡುವುದಿಲ್ಲ ಎಂದಳು. "ಇನ್ನೊಂದು ಮನೇಲೂ ಹಂಗೇ ಕಾಯಕ್ಕೆ ನನ್ನ ಕೈಲಾಗಾಕಿಲ್ಲ ಅಪ್ಪಾ" ಎಂದಳು.

ದೊರೆಗೆ ಎಷ್ಟು ತಿಳಿಯಿತೋ, ಬಿದ್ದಿದ್ದ ಎಂಜಿನ್ನನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋದರು.

ಹಾರ್ನು ಇನ್ನೊಮ್ಮೆ ಕೇಳಿತು. ಮೇಸ್ತ್ರಿಗಳು ಏಳಲಿಲ್ಲ. ನನ್ನನ್ನು ಮೊದಲ ಸಲ ಸರಿಯಾಗಿ ಮುಖವಿಟ್ಟು ನೋಡಿ ಕೇಳಿದರು.

"ಏನಪ್ಪಾ, ನೀನು ಸಂಜೆ ಎಷ್ಟೊತ್ತಿಗೆ ಮನೆಗೆ ಬತ್ತೀಯ?"

"ದೀಪ ಹಚ್ಚೋ ಹೊತ್ತಿಗೆ ಬರ್ತೇನೆ."

"ದಿನಾನೂವೆ?"

"ದಿನಾನೂ ಬರ್ತೇನೆ ಮೇಸ್ತ್ರಿಗಳೇ."

ಅವರು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, ಈರಯ್ಯಮಾವನ ಕಡೆಗೆ ಕೈ ಚಾಚಿದರು.

"ಎಲೆ ಅಡಿಕೆ ತೆಗೀರಿ ಈರಯ್ಯನೋರೇ."